ಸೀಸದ ಬಿಲ್ಲೆ

“ಇದನ್ನ ಯಾರ ಹತ್ರ ಕದ್ದೆ, ಯೂಫೀಮಿಯಾ?”

ಚರ್ಚಿನ ಸಭೆಯ ಹಿರಿಯ ಟಾರ್ಕ್ವಿಲ್ ಅಂಗೈಗೆ ಬಿದ್ದ ಸೀಸದ ಬಿಲ್ಲೆಯನ್ನು ಖೋಟಾ ನಾಣ್ಯ ಸಿಕ್ಕವನಂತೆ ತಿರುವಿ ತಿರುವಿ ನೋಡಿದ. ಸ್ಕಾಟ್ಲೆಂಡಿನಿಂದ ಕೆನಡಾದ ಕೇಪ್ ಬ್ರೆಟನ್ನಿಗೆ ಬಂದ ಅಜ್ಜಂದಿರು ಈ ಚರ್ಚು ಕಟ್ಟಿದಾಗ ಎರಕ ಹೊಯ್ದ ಬಿಲ್ಲೆ. ಅದಿಲ್ಲದೆ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭುಭೋಜನದ ಮೇಜಿಗೆ ಯಾರೂ ಕೂರುವಂತಿಲ್ಲ. ದೇವರ ವಿಶ್ರಾಂತಿಯ ದಿನವೆಂದು ಒಲೆಯನ್ನೂ ಹಚ್ಚಬಾರದ ಭಾನುವಾರ ಈ ವಿಧವೆಯ ಮನೆಯಿಂದ ಹೊಗೆಯೆದ್ದದ್ದನ್ನು ಕಣ್ಣಾರೆ ಕಂಡು, ಅವಳಿಗೆ ಈ ಸಲ ಬಿಲ್ಲೆ ಕೊಟ್ಟಿರಲಿಲ್ಲ ಅವನು.

“ಹೊಗೆ ಕಂಡ ಕಣ್ಣಿಗೆ ನನ್ನ ಜ್ವರ ಕಾಣ್ಲಿಲ್ವಾ, ಹಿರೀರೇ? ಗಂಜಿ ಕಾಯಿಸೋಕೆ ಒಲೆ ಹಚ್ಚಿದವರು ಬೇರೆ. ‘ತಪ್ಪು ನಂದು, ಹೊರಗೆ ನಿಲ್ಬೇಕಾದವಳು ನಾನು’ ಅಂತ ಅವರೇ ತಮ್ಮ ಬಿಲ್ಲೆ ಕೊಟ್ರು.”

“ಯಾರವಳು? ಹೆಸರು ಹೇಳು.”

ಯೂಫೀಮಿಯಾ ಮೇಜಿನ ಕಡೆ ನೋಡಿದಳು. ಟಾರ್ಕ್ವಿಲ್‌ನ ಹೆಂಡತಿ ಪೆಗಿ ಪ್ರತಿವರ್ಷ ಕೂರುವ ಜಾಗ ಖಾಲಿಯಿತ್ತು.