ಮಂಚದ ಕಾಲಿನಿಂದ ಒಂದು ಗೆರೆ

"ನಿಮ್ಮ ನಾನಾ ಎಳದ ಗೆರಿ ಬಿಟ್ಟು ನಮಾಜು ಹೆಂಗ ಮಾಡ್ಲಿ?" ಪಡಸಾಲೆಯ ಮಂಚದ ಮೇಲಿಂದಲೇ ಹಸೀನಾಬೀ ಕೇಳಿದಳು. ಮನೆ ಮೆಕ್ಕಾದ ದಿಕ್ಕಿಗೆ ಓರೆಯಾಗಿದ್ದರಿಂದ, ತೀರಿಕೊಂಡ ಗಂಡ ಒಳಕೋಣೆಯ ನೆಲದಲ್ಲಿ ಆ ದಿಕ್ಕು ತೋರಿಸುವ ಒಂದು ಗೆರೆ ಎಳೆದಿದ್ದ. ಸೊಂಟ ಮುರಿದ ಮೇಲೆ ಅವಳು ಅಲ್ಲಿಗೆ ಹೋಗಿರಲಿಲ್ಲ.

ಸಿಂಧನೂರಿನಲ್ಲಿ ಪಿಯುಸಿ ಓದುವ ಮೊಮ್ಮಗಳು ನಾಹಿದಾ ಒಳಗೆ ಹೋಗಿ ನೋಡಿದಳು. ಗೆರೆ ನೆಲಕ್ಕೆ ಹಾಸಿದ ಮೂರು ಪರಸಿ ಕಲ್ಲು ಮುಂದೆ ಹೋಗುವಷ್ಟರಲ್ಲಿ ಒಂದು ಕಲ್ಲು ಬಲಕ್ಕೆ ಸರಿದಿತ್ತು. ಪಡಸಾಲೆಯಲ್ಲೂ ಅದೇ ಕಲ್ಲು, ಅದೇ ಸಾಲು. ಅಂಗೈ ಮೇಲೆ ಸಮೀಕರಣ ಬರೆದುಕೊಂಡು, ಮಂಚದ ಕಾಲಿನಿಂದ ಹಾಗೆಯೇ ಎಣಿಸಿ ಚಾಕ್‌ಪೀಸಿನಲ್ಲಿ ಗೆರೆ ಎಳೆದಳು.

"ಇದು ಆ ಗೆರಿಗೆ ಎಲ್ಲಿ ಕೂಡತೈತಿ?"

"ಎಲ್ಲೂ ಕೂಡಂಗಿಲ್ಲ ನಾನಿ. ಅದು ಹೊಂಟ ಕಡೀಗೇ ಇದೂ ಹೊಂಟೈತಿ."

ಹಸೀನಾಬೀ ಚಾಕ್ ಗೆರೆಯ ಗುಂಟ ಕಣ್ಣು ಹಾಯಿಸಿದಳು. ಆಮೇಲೆ ಸೆರಗನ್ನು ತಲೆ ಮೇಲೆ ಎಳೆದುಕೊಂಡಳು.

"ಮಂಚ ತಿರುಗ್ಸು."