ನನ್ನಾಕಿ

ಮೈಕು ಕಸ್ತೂರಿಯ ಕೈಗೇ ಬಂದುಬಿಟ್ಟಿತು. ಹೆಣ್ಣನ್ನು ಪ್ರೀತಿಸುವ ಹೆಣ್ಣುಗಳ, ಗಂಡನ್ನು ಪ್ರೀತಿಸುವ ಗಂಡುಗಳ ಸಿನಿಮಾಗಳನ್ನು ನಿಪ್ಪಾಣಿಯಲ್ಲಿ ತೋರಿಸುತ್ತಾರೆಂದು ಕೇಳಿ, ಬೋರಗಾಂವದಿಂದ ಒಬ್ಬಳೇ ಬಂದು ಕೊನೆಯ ಸಾಲಿನಲ್ಲಿ ಕೂತಿದ್ದಳು. ಮುಗಿದ ಕೂಡಲೇ ಎದ್ದು ಹೋಗಬೇಕೆಂದಿದ್ದಳು. "ಸಿನಿಮಾ ನೋಡಿ ಏನನಿಸ್ತು, ಹೇಳ್ರಿ ಅಕ್ಕಾರ," ಎಂದಳು ಆ ಸಿನಿಮಾ ಉತ್ಸವ ನಡೆಸುತ್ತಿದ್ದ ಶುಭಾಂಗಿ.

ಕಸ್ತೂರಿಗೆ ಸಿನಿಮಾ ಮರೆತೇ ಹೋಗಿತ್ತು. ಹತ್ತೊಂಬತ್ತು ವರ್ಷ ಒಂದೇ ಕೋಣೆಯಲ್ಲಿ, ಎದುರುಬದುರು ಹೊಲಿಗೆ ಮಷಿನ್ ಹಾಕಿಕೊಂಡು ಜೊತೆಗೆ ಬಾಳಿದ ನೀಲಮ ತೀರಿಕೊಂಡ ದಿನ, ಅವಳ ಅಣ್ಣನ ಕಡೆಯವರು "ನಿಮಗ ಅಕಿ ಏನಾಗ್ಬೇಕ್ರಿ?" ಎಂದು ಕೇಳಿದ್ದರು. "ಗೆಳತಿ" ಎಂದಿದ್ದಳು ಕಸ್ತೂರಿ. ಅವಳನ್ನು ನೆರೆಹೊರೆಯವರ ಜೊತೆ ಹಿಂದೆ ನಿಲ್ಲಿಸಿದ್ದರು.

"ನನ್ನಾಕಿ ಹೋಗಿ ನಾಕ್ ತಿಂಗಳಾತ್ರಿ," ಎಂದಳು ಈಗ. ಸ್ಪೀಕರಿನಿಂದ ತನ್ನದೇ ದನಿ ಅಷ್ಟು ದೊಡ್ಡದಾಗಿ ಕೇಳಿದ್ದಕ್ಕೆ ಬೆದರಿ ಮೈಕನ್ನು ಮಡಿಲಿಗಿಳಿಸಿದಳು. ಯಾರೂ ನಗಲಿಲ್ಲ. ಶುಭಾಂಗಿ ಬಂದು ಪಕ್ಕದ ಕುರ್ಚಿಯಲ್ಲಿ ಕೂತು ಮೆಲ್ಲಗೆ ಕೇಳಿದಳು: "ಎಂಥವರಿದ್ದರ್ರಿ ಅವರು?"

ಈ ನಾಲ್ಕು ತಿಂಗಳಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. "ಭಾಳ ಸಿಟ್ಟಿನಾಕಿ..." ಎನ್ನುವಷ್ಟರಲ್ಲಿ, ಹೆಣದ ಮುಂದೆಯೂ ಬಾರದಿದ್ದ ಅಳು ಕಸ್ತೂರಿಗೆ ಉಕ್ಕಿ ಬಂತು.