ರಾಕ್ಷಸ ಕೇಳಿದ ಇಸವಿ

“ಮೊದಲನೇ ಪಾಣಿಪತ್ ಯುದ್ಧ ನಡೆದದ್ದು ಯಾವಾಗ?” ಮೊಬೈಲಿನೊಳಗಿನ ರಾಕ್ಷಸ ಕೋಟೆ ಬಾಗಿಲಿಗೆ ಅಡ್ಡ ನಿಂತು ಕೇಳಿದ.

“ಸಾವಿರದ ಐನೂರ ಇಪ್ಪತ್ತಾರು!” ಎಂದು ಮೊಮ್ಮಗಳಿಗಿಂತ ಮೊದಲೇ ಕೂಗಿದರು ಪುಟ್ಟರಂಗಪ್ಪ ಮೇಷ್ಟ್ರು. ಮಾಯಾಲೋಕದ ಆಟದಲ್ಲಿ ಮಧುಗಿರಿಯ ಬೆಟ್ಟವನ್ನೇ ಕಂಡು ಅವರಿಗೆ ಹಿಗ್ಗೋ ಹಿಗ್ಗು.

“ಈ ಆಟ ಮಾಡಿರೋರು ನಮ್ಮೂರೋರೇ ತಾತ, ಓಬಳೇಶ ಅಂತ,” ಎಂದಳು ಇಂಚರ. “ಒಳಗೆ ಊರಿನ ಗುಟ್ಟೆಲ್ಲ ಬಚ್ಚಿಟ್ಟವ್ರಂತೆ.”

ಹಿಂದೆ ಮೇಷ್ಟ್ರ ಏಳನೇ ಕ್ಲಾಸಿನಲ್ಲಿ ಕೊನೇ ಬೆಂಚಿನ ಓಬಳೇಶನ ತಲೆಗೆ ಒಂದು ಇಸವಿಯೂ ಹತ್ತುತ್ತಿರಲಿಲ್ಲ. ಸರಿಯುತ್ತರ ಹೇಳಿದವರು ಅವನ ಮೂಗು ಹಿಡಿದು ಕೆನ್ನೆಗೆ ಬಾರಿಸಬೇಕೆಂಬುದು ಮೇಷ್ಟ್ರ ಕಾನೂನು. ಮೆತ್ತಗೆ ಬಾರಿಸಿದವರ ಅಂಗೈಗೆ ಕೋಲಿನ ಏಟು ಬೀಳುತ್ತಿತ್ತು. ಈಗ ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಮೊಬೈಲನ್ನು ನೋಡಿದರು. ರಾಕ್ಷಸನ ಎಡಗಿವಿಯ ಮೇಲೆ ಕಡಲೆಕಾಳಿನಷ್ಟು ದೊಡ್ಡ ನರೂಲಿ ಇತ್ತು. ಅವರ ಕೈ ತಾನಾಗಿಯೇ ತಮ್ಮ ಎಡಗಿವಿಗೆ ಹೋಯಿತು.

ರಾಕ್ಷಸ ಮಂಡಿಯೂರಿ ಮೂಗು ಮುಂದೆ ಚಾಚಿದ. ಇಂಚರ ಮೊಬೈಲನ್ನು ತಾತನ ಕೈಗೆ ತುರುಕಿದಳು.

“ಉತ್ತರ ಹೇಳಿದೋರೇ ಹೊಡೀಬೇಕು ತಾತ. ಮೆತ್ತಗೆ ಹೊಡೆದ್ರೆ ಬಾಗ್ಲು ತೆಗ್ಯಲ್ಲ, ಜೋರಾಗಿ ಬಾರ್ಸು.”